ಲಗೇಜು

ಹೈದರಾಬಾದಿನ ಕೊನೀ ಗಾಡಿ.
ಬೀದರ ಸ್ಟ್ಯಾಂಡಿನಾಗ ಎಲ್ಲರೂ ಇಳಿದ ಮ್ಯಾಲ
ಹಿಂದಿನ ಸೀಟಿನ ಕೆಳಗ ಒಂದು ಪಂಜರ,
ಅದರ ಮ್ಯಾಲ ಹಳೇ ಟವೆಲು.
ಗಿಳಿ ಇರಬೇಕು ಅಂದುಕೊಂಡೆ.

ಡ್ರೈವರ್ ಯಾಕೂಬ ಬಗ್ಗಿ ನೋಡಿ ಅಂದ: ಮುಂಗ್ಲಿ.
ಚಾದಂಗಡಿಯವ ಅಂದ: ಇಲಿ. ಶ್ರೀಮಂತರ ಇಲಿ.
ಕಂಟ್ರೋಲರು ರಿಜಿಸ್ಟರಿನಾಗ ಬರಕೊಂಡ:
‘ಪ್ರಾಣಿ, ಒಂದು. ವಾರಸುದಾರರಿಲ್ಲ.’
ಬಣ್ಣ ಸುಟ್ಟ ರೊಟ್ಟಿದು. ಬೆನ್ನಿನ ಎಲುಬು
ಬೆರಳಿಟ್ಟು ಎಣಿಸೋ ಹಂಗ.

ನಂದಿನಗರದ ದನದ ದವಾಖಾನಿಯಾಗ
ಎಳೇ ವಯಸ್ಸಿನ ಡಾಕ್ಟರ್ ಬಾಯಿ
ಎರಡೂ ಕೈಯಾಗ ಎತ್ತಿ ಹಿಡದಳು.
‘ಫೆರೆಟ್ ರಿ ಇದು. ಪುಸ್ತಕದಾಗ ನೋಡಿದ್ದೆ,
ಕೈಯಾಗ ಇವತ್ತೇ ಮೊದಲು.’
ಕರುಳಿನಾಗ ಹುಣ್ಣು. ಔಷಧ ಬರದಳು, ಆಮ್ಯಾಲ ಊಟ:
ಬ್ಯಾಳಿ ಬ್ಯಾಡ, ಹಾಲು ಬ್ಯಾಡ, ಬಾಳೆಹಣ್ಣು ಮುಟ್ಟಿಸಲೇಬ್ಯಾಡ್ರಿ,
ಕೋಳಿ. ತೊಗಲು ಸಹಿತ. ಒಂದೀಟು ಕಲೇಜಿ.
ಕುದಿಸಿ, ರುಬ್ಬಿ, ಬೆಚ್ಚಗ,
ನಾಲ್ಕು ತಾಸಿಗೊಮ್ಮೆ. ರಾತ್ರಿನೂ.

ನಮ್ಮ ಮನಿಯಾಗ ತತ್ತಿ ಸುದ್ದಾ
ಹೊಸ್ತಿಲ ದಾಟಿದ್ದಿಲ್ಲ.
ನೀಲಾಂಬಿಕಾ ಏನೂ ಅನಲಿಲ್ಲ.
ಏನೂ ಅನದೇ ಹಳೇ ಸ್ಟೋವು, ಕಿವಿ ಮುರಿದ ಒಂದು ಬೋಗೋಣಿ
ಮಾಳಿಗಿ ಮ್ಯಾಲ ಇಟ್ಟು ಬಂದಳು.

ಬಾಜೂ ಮನಿ ಮಕ್ಬೂಲ್ ಚಾಚಾ ಬಿದರಿ ಕೆಲಸದವರು.
ಬೆಳ್ಳಿ ತಂತಿ ತೂಗೋ ತಕ್ಕಡಿಯಾಗ ಕೂಡಿಸಿದರ
ಮುಳ್ಳು ನಿಲ್ಲವಲ್ದು.
‘ಬೆಳ್ಳಿ ಸುಮ್ಮ ಕೂಡತದ,’ ಅಂದರು,
‘ಇದು ನಡಗತದ. ನಡುಕ ಬಿಟ್ಟು ಹ್ಯಾಂಗ ತೂಗಲಿ?’
ಕಡೀಕ ಅಂಗೈ ಮುಚ್ಚಿ, ಉಸಿರು ಹಿಡದು:
ನಾಲ್ಕುನೂರಾ ಹತ್ತು ಗ್ರಾಂ.

ಇಪ್ಪತ್ತೆರಡು ವರ್ಷ ಕಂಡಕ್ಟರಕಿ.
ಜ್ವಾಳದ ಚೀಲ, ತೊಗರಿ ಚೀಲ, ಬೀಗರ ಮನಿ ಟ್ರಂಕು,
ಎತ್ತಿ ನೋಡದೇ ತೂಕ ಹೇಳಿ
ಲಗೇಜು ಟಿಕೇಟು ಹರದಾವ ನಾನು.
ಹತ್ತು ಗ್ರಾಂ ಅಂದರ ಎಷ್ಟು ಅಂತ ಗೊತ್ತಿರಲಿಲ್ಲ.
ಹೆಚ್ಚುಕಡಿಮಿ ಮೂರು ರೂಪಾಯಿ ಚಿಲ್ಲರ.
ಯಾರಿಗೂ ವಾಪಸ್ ಕೊಡದೇ
ಚೀಲದಾಗ ಉಳಿಸಿಕೊಂಡದ್ದು ಎಷ್ಟಿರಬೇಕು.

ಮೊದಲ ರಾತ್ರಿ ಪಿಚಕಾರಿಲೇ, ಬಾಯಿ ಪಕ್ಕಕ್ಕ, ಹನಿ ಹನಿ.
ಅರ್ಧ ಒಳಗ, ಅರ್ಧ ನನ್ನ ಅಂಗಿಗೆ.
ಮರುದಿನ ನಾಲ್ಕುನೂರಾ ನಾಲ್ಕು.
ಅದರ ಮರುದಿನ ಮುನ್ನೂರಾ ತೊಂಬತ್ತೊಂಬತ್ತು,
ಆ ಅಂಕಿ ಬರೆಯಲಾಕ ಪೆನ್ನು ಏಳಲಿಲ್ಲ.
ಐದನೇ ದಿನ ಬೆರಳಿಗೆ ಹಚ್ಚಿ ಹಿಡದಿದ್ದೆ,
ನಾಲಗಿ ಬಂತು.
ಬೆಚ್ಚಗ, ಕೂಸಿನ ಉಗುರಿನಷ್ಟು.

ನನಗ ಹೈದರಾಬಾದ್ ಹಾಲ್ಟ್ ಬಿದ್ದ ರಾತ್ರಿ
ಫೋನು ಮಾಡಿದರ ಆಕಿದು ಒಂದೇ ಮಾತು:
ತಿಂದದ.
ಹ್ಯಾಂಗ ತಿಂತು, ಯಾರು ತಿನಿಸಿದರು,
ನಾನೂ ಕೇಳಲಿಲ್ಲ.
ಒಂದಿನ ಗಾಡಿ ಜಹೀರಾಬಾದಿನಾಗ ಕೆಟ್ಟು
ಡ್ಯೂಟಿ ರದ್ದಾಗಿ, ಹೇಳದೇ ಬಂದೆ.
ಮಾಳಿಗಿ ಮ್ಯಾಲ ಕುಕ್ಕರಗಾಲಿಲೇ ಕೂತಿದ್ದಳು,
ಮೂಗಿಗೆ ಸೆರಗು, ಕಣ್ಣು ಬಿಗಿ ಮುಚ್ಚಿ,
ಒಂದು ಬೆರಳು ಮಾತ್ರ ಮುಂದ ಚಾಚಿ.
ಅದು ನೆಕ್ಕಲಿಕ್ಕತ್ತಿತ್ತು.
ನಾ ಮೆಟ್ಟಲದಾಗೇ ನಿಂತು
ಸಪ್ಪಳಿಲ್ಲದೇ ಕೆಳಗ ಇಳದೆ.
ಆಕಿ ಬಂದು, ತಲಿಮ್ಯಾಲ ಎರಡು ತಂಬಿಗಿ ಸುರಕೊಂಡು
ಪೂಜಿಗೆ ಕೂತಳು.

ಕೇಳಿಕೊಂಡು ಯಾರೂ ಬರಲಿಲ್ಲ.
ಬಂದರ ಏನಂತ ಹೇಳೋದು ಅಂತ
ನಾವೂ ಮಾತಾಡಿಕೊಳ್ಳಲಿಲ್ಲ.

ಒಂದೂವರಿ ತಿಂಗಳಾಗಿತ್ತು.
ನಸುಕಿನ ಐದಕ್ಕ ಭಾಲ್ಕಿ ಗಾಡಿ,
ಅಂಗಿ ಕಿಸೆದಾಗ ಸೀಟಿ ಇಲ್ಲ.
ಹುಡುಕಿ ಹುಡುಕಿ, ಕಡೀಕ ಕಪಾಟಿನ ಕೆಳಗ
ಕಟಿಗಿ ಹಾಕಿ ಜಗ್ಗಿದರ
ಮಕ್ಬೂಲ್ ಚಾಚಾನ ಒಂದು ತುಂಡು ಬೆಳ್ಳಿ ತಂತಿ,
ವಾರದಿಂದ ಕಾಣದಾಗಿದ್ದ ನೀಲಾಂಬಿಕಾನ ಈಬತ್ತಿ ಗಟ್ಟಿ,
ನನ್ನ ಒಂದು ಕಾಲುಚೀಲ.
ಸೀಟಿ ಮಾತ್ರ ಇಲ್ಲ.
ಕಳ್ಳ ಮೂಲ್ಯಾಗ ಬೆನ್ನು ಬಿಲ್ಲು ಮಾಡಿ
ಅಡ್ಡಡ್ಡ ಜಿಗೀಲಿಕ್ಕತ್ತಿತ್ತು.
‘ಕದೀಲಾಕ ಸುದ್ದಾ ಶಕ್ತಿ ಬೇಕಲ್ಲ,’
ಈಬತ್ತಿ ಒರಸಿಕೋತ ಅಂದಳು ಆಕಿ.

ಆವತ್ತು ಭಾಲ್ಕಿ ಮುಟ್ಟೋತನಕ
ಬಾಯಿಲೇ ‘ರೈಟ್’ ಅಂದೆ.
ಸಂಜಿಕ ವೇ ಬಿಲ್ಲಿನ ಹಿಂದ ಬರದಿಟ್ಟೆ:
ಐದುನೂರಾ ಎಂಬತ್ತು.
ಸೀಟಿ ಬಿಟ್ಟು.